ಮಂದ್ರಕ್ಕೊಂದು ಮೂಲೆ

ಕಳೆದ ವರ್ಷ ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ನನ್ನ ಮಗನು ಕಾರಿನ ಹಿಂಬದಿಯಿಂದ ಒಂದು ದೊಡ್ಡ ಕಪ್ಪು ಪೆಟ್ಟಿಗೆಯನ್ನು ಇಳಿಸಿದನು. ಅದನ್ನು ಇಬ್ಬರು ಹಿಡಿದು ಒಳಗೆ ತರಬೇಕಾಯಿತು. ಅಕ್ಕಿ ತುಂಬುವ ಡಬ್ಬವೆಂದು ಭಾವಿಸಿ ನಮ್ಮ ತಾಯಿಯವರು ಅಡಿಗೆಮನೆಯ ಕಡೆಗೆ ಕೈದೋರಿಸಿದರು. ಅದು ಸಬ್‌ವೂಫರ್ ಎಂಬ ಧ್ವನಿಪೆಟ್ಟಿಗೆ. ನಡುಮನೆಯ ಟೆಲಿವಿಷನ್ನಿಗೆ ಅದರ ಹಿಂದಿನ ವರ್ಷವೇ ಐದು ಸಣ್ಣ ಸ್ಪೀಕರುಗಳು ಜೋಡಣೆಯಾಗಿದ್ದುವು, ಇದು ಆರನೆಯದು. ಇದರಿಂದ ಬೆಳಕವಾಡಿಯ ನಮ್ಮ ಹಳೆಯ ಮನೆಯಲ್ಲಿ 'ಹೋಂ ಥಿಯೇಟರ್' ಪೂರ್ಣವಾಯಿತೆಂದು ಮಗನು ಹೇಳಿ, ಹಬ್ಬ ಮುಗಿಸಿಕೊಂಡು ಹೊರಟುಹೋದನು. ಆ ಪೆಟ್ಟಿಗೆಗೆ ತಕ್ಕ ಎಡೆಯನ್ನು ಹುಡುಕುವುದರಲ್ಲಿಯೂ, ಆ ಬಳಿಕ ಎಡೆಗೆ ತಕ್ಕ ಪೆಟ್ಟಿಗೆಯನ್ನು ಹುಡುಕುವುದರಲ್ಲಿಯೂ ನನಗೆ ನಾಲ್ಕು ತಿಂಗಳು ಹಿಡಿಯಿತು. ಅದರ ವೃತ್ತಾಂತವು ಕೆಲವರಿಗಾದರೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ನಮ್ಮೂರ ಹೆಸರನ್ನು ಸಂಗೀತ ಬಲ್ಲವರು ಸಾಮಾನ್ಯವಾಗಿ ಕೇಳಿರುವುದು ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಬೆಳಕವಾಡಿ ಶ್ರೀನಿವಾಸಯ್ಯಂಗಾರ್ಯರ ಹೆಸರಿನೊಡನೆ. ಅಷ್ಟರಿಂದ ಊರಿನ ಗಾಳಿಯಲ್ಲಿಯೇ ಸಂಗೀತವಿದೆಯೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಗಾಳಿಯಲ್ಲಿರುವುದು ಕಬ್ಬಿನ ಗದ್ದೆಯ ವಾಸನೆ. ಆದರೆ ನಮ್ಮ ತಾಯಿಯವರು ಬಾಲ್ಯದಲ್ಲಿ ಕೆಲವು ವರ್ಣಗಳನ್ನೂ ಹತ್ತಾರು ಕೀರ್ತನೆಗಳನ್ನೂ ಕಲಿತವರು. ಎಂಬತ್ತಾರರ ಈ ವಯಸ್ಸಿನಲ್ಲಿಯೂ ಅವರ ಕೈ ತಾಳ ತಪ್ಪುವುದಿಲ್ಲ. ತಪ್ಪಿರುವುದು ಕಿವಿ. ವೃದ್ಧಾಪ್ಯದ ಕಿವುಡು ತಾರಸ್ಥಾಯಿಯನ್ನು ಮೊದಲು ಕಸಿದುಕೊಳ್ಳುತ್ತದೆ. ಮಾತಿನಲ್ಲಿ ಸಕಾರ ತಕಾರಗಳು ಅಳಿಸಿಹೋಗುತ್ತವೆ, ಪಿಟೀಲಿನ ಹೊಳಪು ಮಾಸುತ್ತದೆ, ಮಂದ್ರವು ಬಹುಮಟ್ಟಿಗೆ ಉಳಿಯುತ್ತದೆ. ಕಿವಿಗೆ ಹಾಕುವ ಯಂತ್ರವನ್ನು ಕೊಡಿಸಿದ್ದೆವು. ಒಗ್ಗರಣೆಯ ಸದ್ದೆಲ್ಲ ತಲೆಯೊಳಗೇ ಸಿಡಿಯುತ್ತದೆಂದು ಅವರು ಅದನ್ನು ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟುಬಿಟ್ಟಿದ್ದಾರೆ.

ಟೆಲಿವಿಷನ್ನಿನಲ್ಲಿ ಕಚೇರಿ ಬಂದಾಗ ಅವರು ತಪ್ಪದೆ ಕೂಡುತ್ತಿದ್ದರು, ತೊಡೆಯ ಮೇಲೆ ತಾಳವನ್ನೂ ಹಾಕುತ್ತಿದ್ದರು. ಒಂದು ದಿನ ಗಮನಿಸಿ ನೋಡಿದಾಗ ಅವರು ತಾಳ ಹಾಕುತ್ತಿದ್ದುದು ಮೃದಂಗದವರ ಕೈಯನ್ನು ಕಣ್ಣಿನಿಂದ ನೋಡಿಕೊಂಡು ಎಂಬುದು ತಿಳಿಯಿತು. ಚಿತ್ರವು ಗಾಯಕರ ಮುಖಕ್ಕೆ ತಿರುಗಿದೊಡನೆ ಅವರ ಕೈ ನಿಂತುಬಿಡುತ್ತಿದ್ದಿತು. ಆ ಸಣ್ಣ ಸ್ಪೀಕರುಗಳಿಗೆ ಮೃದಂಗದ ಎಡ ಮುಖದ ಧ್ವನಿಯನ್ನು ಎತ್ತಿ ಹಿಡಿಯುವ ಶಕ್ತಿಯೇ ಇರಲಿಲ್ಲ. ಅವರ ಕಿವಿಯಲ್ಲಿ ಯಾವ ಸ್ಥಾಯಿ ಉಳಿದಿತ್ತೋ ಅದು ಸ್ಪೀಕರಿನಲ್ಲಿರಲಿಲ್ಲ. ಸ್ಪೀಕರಿನಲ್ಲಿ ಯಾವುದಿತ್ತೋ ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಮಗನು ಪೆಟ್ಟಿಗೆಯನ್ನು ತಂದುದು ಸಿನಿಮಾದ ಗುಡುಗಿಗಾಗಿ. ನಾನು ಬೇಡವೆನ್ನದೆ ಒಳಗೆ ಬಿಟ್ಟುಕೊಂಡುದು ಈ ಕಾರಣಕ್ಕಾಗಿ.

ಈ ಪೆಟ್ಟಿಗೆಯ ಕೆಲಸವೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಎಳೆಯ ಕಿವಿಯು ಗ್ರಹಿಸಬಲ್ಲುದು. ಕಂಪನದ ಈ ಲೆಕ್ಕಕ್ಕೆ ಹರ್ಟ್ಸ್ ಎಂದು ಹೆಸರು. ಹೋಂ ಥಿಯೇಟರಿನಲ್ಲಿ ಸುಮಾರು 80ಕ್ಕಿಂತ ಕೆಳಗಿನ ಧ್ವನಿಯನ್ನೆಲ್ಲ ಸಣ್ಣ ಸ್ಪೀಕರುಗಳಿಂದ ಬಿಡಿಸಿ ಸಬ್‌ವೂಫರಿಗೆ ಒಪ್ಪಿಸುವುದು ರೂಢಿ. ಅಷ್ಟು ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬಂದಿತೆಂದು ಕಿವಿಯು ಸುಲಭವಾಗಿ ಹೇಳಲಾರದು. ಆದುದರಿಂದಲೇ ಒಂದು ಪೆಟ್ಟಿಗೆಯು ಐದು ಸ್ಪೀಕರುಗಳ ಪರವಾಗಿ ದುಡಿಯಬಹುದು. ಜೊತೆಗೆ ಸಿನಿಮಾದವರು ಮಂದ್ರಕ್ಕೆಂದೇ ಬೇರೆ ಒಂದು ಧ್ವನಿಪಥವನ್ನಿಡುತ್ತಾರೆ, 5.1 ಎಂದು ಬರೆಯುವಾಗ ಚುಕ್ಕೆಯ ಬಳಿಕ ಬರುವ ಒಂದು ಅದೇ. ಮಂದ್ರದಿಂದ ಪ್ರೇಕ್ಷಕರನ್ನು ನಡುಗಿಸುವ ಹವ್ಯಾಸ ಹೊಸದಲ್ಲ. 1974ರಲ್ಲಿ 'ಅರ್ಥ್‌ಕ್ವೇಕ್' ಎಂಬ ಅಮೆರಿಕದ ಚಿತ್ರಕ್ಕೆ 'ಸೆನ್‌ಸರೌಂಡ್' ಎಂಬ ಏರ್ಪಾಡಿನಿಂದ ಚಿತ್ರಮಂದಿರಗಳಲ್ಲಿ ದೈತ್ಯ ಪೆಟ್ಟಿಗೆಗಳನ್ನಿಟ್ಟು ಭೂಕಂಪವನ್ನೇ ಉಂಟುಮಾಡಿದ್ದರು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದಮೇಲೆ ಮಂದ್ರದ ಪಥವು ಚಿತ್ರಗಳಲ್ಲಿ ಸಾಮಾನ್ಯವಾಯಿತು. ಅಲ್ಲಿಂದ ಮನೆಗೆ ಬಂದಿತು. ನಾನು ಚಿಕ್ಕವನಾಗಿದ್ದಾಗ ನೋಡಿದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮಂದ್ರವೆಂದರೆ ಹೊರಗಿನ ಡೀಸೆಲ್ ಎಂಜಿನ್ನಿನದೊಂದೇ.

ಪೆಟ್ಟಿಗೆಯನ್ನು ಮೊದಲು ಇಟ್ಟುದು ಎಲ್ಲರೂ ಇಡುವಲ್ಲಿ, ಎಂದರೆ ಟೆಲಿವಿಷನ್ನಿನ ಪಕ್ಕದ ಮೂಲೆಯಲ್ಲಿ. ಅದು ಈಶಾನ್ಯ ಮೂಲೆ. ಭಾರವನ್ನು ಅಲ್ಲಿ ಇಡಬಾರದೆಂದು ಬಂದ ನೆಂಟರೊಬ್ಬರು ಎಚ್ಚರಿಸಿದರು, ನಾನು ನಕ್ಕೆನು. ಅವರ ಕಾರಣವನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಮಾತು ಫಲಿಸಿತೆಂಬುದನ್ನು ಒಪ್ಪದೆ ಗತಿಯಿಲ್ಲ.

ಅಂದು ಸಂಜೆ ಒಂದು ಕಚೇರಿಯನ್ನು ಹಾಕಿದೆನು. ತಂಬೂರಿಯು ಶ್ರುತಿ ಹಿಡಿದೊಡನೆ ನಡುಮನೆಯೆಲ್ಲ ಕೊಡದೊಳಗೆ ಹೆಜ್ಜೇನು ಹೊಕ್ಕಂತೆ ಗುಂಯ್ಗುಡತೊಡಗಿತು. ಗೋಡೆಯ ಮೇಲಿದ್ದ ನಮ್ಮ ತಂದೆಯವರ ಚಿತ್ರಪಟದ ಗಾಜು ಜಿರ್ರೆಂದಿತು, ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಗಳು ಅದಕ್ಕೆ ಉತ್ತರ ಕೊಟ್ಟುವು. ಮೃದಂಗದ ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಇರಬೇಕಾದ ಬಿಡುವು ಈ ಗದ್ದಲದಲ್ಲಿ ಮುಚ್ಚಿಹೋಯಿತು. ತಾಯಿಯವರು ಕೈಯೆತ್ತಿದವರು ತಾಳವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಇಳಿಸಿಬಿಟ್ಟರು. ಬಳಿಕ ಒಂದು ಸಿನಿಮಾವನ್ನು ಹಾಕಿದರೆ ಇದಕ್ಕೆ ವಿಪರೀತ. ಬಾಗಿಲ ಬಳಿ ನಿಂತವರಿಗೆ ಗುಡುಗು ಎದೆಗೆ ತಾಕುತ್ತಿದ್ದಿತು. ನಡುವೆ ಕುರ್ಚಿಯಲ್ಲಿ ಕುಳಿತ ತಾಯಿಯವರ ಬಳಿಗೆ ಬಂದು ಕೇಳಿದರೆ ಗುಡುಗೇ ಇಲ್ಲ. ಪೆಟ್ಟಿಗೆ ಕೆಟ್ಟಿದೆಯೆಂದು ಮಗನಿಗೆ ಫೋನು ಮಾಡಿದೆನು. ಕೆಟ್ಟಿರಲಾರದು, ಕೋಣೆಯನ್ನು ಅಳೆದು ನೋಡೆಂದು ಅವನು ಹೇಳಿದನು.

ಅಳೆಯುವುದಕ್ಕೆ ಮೊದಲೇ ಪಕ್ಕದ ಮನೆಯವರು ಬಂದರು. ನಮ್ಮ ಬೀದಿಯ ಮನೆಗಳು ಗೋಡೆಗೆ ಗೋಡೆ ಸೇರಿದುವು. ಟೆಲಿವಿಷನ್ನಿನ ಹಿಂದಣ ಗೋಡೆಯೇ ಅವರ ಮಲಗುವ ಕೋಣೆಯ ಗೋಡೆ. ಅಲ್ಲಿ ಮಲಗುವವರು ಹೃದಯದ ಕಾಯಿಲೆಯಿಂದ ಆಸ್ಪತ್ರೆಗೆ ಹೋಗಿ ಬಂದಿದ್ದ ಅವರ ವೃದ್ಧ ತಂದೆ. ಬಂದವರು ಬಹಳ ಹೊತ್ತು ಬೆಳೆಯ ಮಾತು, ನಾಲೆಯ ನೀರಿನ ಮಾತುಗಳನ್ನಾಡಿ, ಏಳುವಾಗ ಹೇಳಿದರು: "ಮೇಷ್ಟ್ರೇ, ಏನೂ ತಿಳ್ಕೋಬೇಡಿ. ಹಾಡು ಕೇಳಾಕಿಲ್ಲ, ಮಾತೂ ಕೇಳಾಕಿಲ್ಲ. ಬರೀ ಎದೆ ಮ್ಯಾಲೆ ಯಾರೋ ಗುದ್ದಿದಂಗಾಯ್ತದೆ ಅಂತಾರೆ ನಮ್ಮಪ್ಪ. ರಾತ್ರಿಯೆಲ್ಲ ಎದ್ದು ಕುಂತಿರ್ತಾರೆ."

ನನಗೆ ನಾಚಿಕೆಯಾಯಿತು. ಅಂದೇ ಪೆಟ್ಟಿಗೆಯ ತಂತಿಯನ್ನು ಕಿತ್ತಿಟ್ಟೆನು. ಮೂರು ವಾರ ಅದು ಹೂವಿನ ಕುಂಡಕ್ಕೆ ಪೀಠವಾಗಿದ್ದಿತು. ಈ ನಡುವೆ ಒಂದು ಕಚೇರಿಯ ರಾತ್ರಿ ತಾಯಿಯವರು ಮತ್ತೆ ಚಿತ್ರದಲ್ಲಿ ಮೃದಂಗದವರ ಕೈಯನ್ನು ಹುಡುಕುತ್ತಿದ್ದುದನ್ನು ನೋಡಿದೆನು. ಒಂದು ಗೋಡೆಯ ಎರಡು ಕಡೆಗೂ ಇಬ್ಬರು ವೃದ್ಧರು. ಒಬ್ಬರಿಗೆ ಯಾವ ಧ್ವನಿ ಬೇಕೋ ಅದೇ ಧ್ವನಿ ಇನ್ನೊಬ್ಬರಿಗೆ ಪೀಡೆ. ಕಾನೂನನ್ನು ನೋಡಿದರೆ ನಾನು ನಿರಪರಾಧಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ಲಿಗೆ ಮೀರಬಾರದು. ಆದರೆ ಆ ಅಳತೆಯು ಮಂದ್ರವನ್ನು ಬಹಳವಾಗಿ ತಳ್ಳಿಹಾಕುವಂಥದು, 31.5 ಕಂಪನದ ಧ್ವನಿಯನ್ನು ಇರುವುದಕ್ಕಿಂತ ಸುಮಾರು 39 ಡೆಸಿಬೆಲ್ಲು ಕಡಿಮೆಯಾಗಿ ಎಣಿಸುತ್ತದೆ. ಹಾಸಿಗೆಯನ್ನು ನಡುಗಿಸುವ ಸದ್ದು ಕೂಡ ಅಂಥ ಅಳತೆಗೆ ಸಾಧುವಾಗಿ ಕಾಣಬಹುದು. ಗೋಡೆಯ ಸ್ವಭಾವವೂ ಅಂಥದೇ. ಧ್ವನಿಯು ಒಂದೊಂದು ಸ್ಥಾಯಿ ಕೆಳಗಿಳಿದಂತೆ ಅದನ್ನು ತಡೆಯುವ ಗೋಡೆಯ ಶಕ್ತಿಯು ಸುಮಾರು 6 ಡೆಸಿಬೆಲ್ಲಿನಷ್ಟು ಕುಗ್ಗುತ್ತದೆ. ನಮ್ಮ ಹಿರಿಯರು ಒಂದೂವರೆ ಅಡಿ ದಪ್ಪಕ್ಕೆ ಕಟ್ಟಿದ ಗೋಡೆಯು ಮಾತನ್ನು ಪೂರ್ತಿಯಾಗಿ ನುಂಗುತ್ತದೆ, ಮಂದ್ರಕ್ಕೆ ಮಾತ್ರ ದಾರಿಬಿಡುತ್ತದೆ.

ಮಂದ್ರಕ್ಕೆ ದೂರವೆಂಬುದು ಲೆಕ್ಕಕ್ಕಿಲ್ಲವೆಂಬುದನ್ನು ಈ ಸೀಮೆಯವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಶಿವನಸಮುದ್ರವು ಇಲ್ಲಿಂದ ಕೆಲವೇ ಮೈಲಿ. ಮಳೆಗಾಲದಲ್ಲಿ ಗಗನಚುಕ್ಕಿಯ ಎದುರಿಗೆ ನಿಂತರೆ ಕಾವೇರಿಯ ಸದ್ದಿನಲ್ಲಿ ಭೋರೆಂಬುದೂ ಉಂಟು, ಸುಯ್ಯೆಂಬುದೂ ಉಂಟು. ದೂರ ಸರಿದಂತೆಲ್ಲ ಸುಯ್ಯೆಂಬ ಭಾಗವನ್ನು ಗಾಳಿಯು ಹೀರಿಕೊಳ್ಳುತ್ತದೆ, ಭೋರೆಂಬ ಭಾಗವನ್ನು ಹಾಗೆಯೇ ಬಿಡುತ್ತದೆ. ಪಂಪುಸೆಟ್ಟುಗಳೂ ಲಾರಿಗಳೂ ಬರುವುದಕ್ಕೆ ಮೊದಲು ಹೊಳೆ ತುಂಬಿದ ರಾತ್ರಿ ನಮ್ಮ ಜಗಲಿಯವರೆಗೂ ಒಂದು ಗುಂಭವು ಬರುತ್ತಿತ್ತೆಂದು ತಾಯಿಯವರು ಹೇಳುತ್ತಾರೆ. ಇಂದಿನ ಗಲಭೆಯಲ್ಲಿ ನನಗೆ ಎಂದೂ ಕೇಳಿಸಿಲ್ಲ.

ಮಗನ ಮಾತಿನಂತೆ ಕೊನೆಗೆ ಕೋಣೆಯನ್ನು ಅಳೆದೆನು. ಉದ್ದ ಹದಿನೆಂಟು ಅಡಿ, ಅಗಲ ಹನ್ನೆರಡು, ತಾರಸಿಯ ಎತ್ತರ ಹತ್ತು. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಆದುದರಿಂದ 20 ಕಂಪನದ ಒಂದು ಅಲೆಯ ಉದ್ದ ಐವತ್ತಾರು ಅಡಿ, 80 ಕಂಪನದ ಅಲೆಯದು ಹದಿನಾಲ್ಕು ಅಡಿ. ಇಂಥ ಅಲೆಗೆ ನಮ್ಮ ನಡುಮನೆಯು ಒಂದು ತೊಟ್ಟಿಯಿದ್ದಂತೆ. ತೊಟ್ಟಿಯ ನೀರನ್ನು ಒಂದು ಹದದಲ್ಲಿ ತೂಗಿದರೆ ಎರಡು ತುದಿಗಳಲ್ಲಿ ನೀರು ಏರಿ ಇಳಿಯುತ್ತದೆ, ನಡುವೆ ಮಟ್ಟವು ಕದಲುವುದಿಲ್ಲ. ಗೋಡೆಗಳ ನಡುವೆ ಸಿಕ್ಕಿದ ಮಂದ್ರವೂ ಹಾಗೆ ನಿಂತಲ್ಲೇ ತೂಗಾಡುತ್ತದೆ. ಹದಿನೆಂಟು ಅಡಿಯ ಉದ್ದಕ್ಕೆ ಈ ತೂಗಾಟವು 31 ಕಂಪನದಲ್ಲಿ ಮೊದಲು ಬರುತ್ತದೆ, ಅದರ ಇಮ್ಮಡಿಯಾದ 63ರಲ್ಲಿ ಮತ್ತೆ. ಹನ್ನೆರಡು ಅಡಿಯ ಅಗಲಕ್ಕೆ 47ರಲ್ಲಿ. ತಾಯಿಯವರ ಕುರ್ಚಿಯು ಉದ್ದಕ್ಕೂ ಅಗಲಕ್ಕೂ ಸರಿಯಾಗಿ ನಡುವೆ, ಫ್ಯಾನಿನ ಕೆಳಗೆ ಇದ್ದಿತು. 31ಕ್ಕೂ 47ಕ್ಕೂ ಅದು ಕದಲದ ನೀರಿನ ಜಾಗ. ಸಿನಿಮಾದ ಗುಡುಗು ಅಲ್ಲಿ ಮಾಯವಾದುದು ಇದರಿಂದ. 63ಕ್ಕೆ ಮಾತ್ರ ನಡುವೆಯೇ ಏರಿಳಿತದ ಜಾಗ. ಒಂದನೆಯ ಮನೆಯ ಶ್ರುತಿಗೆ ಹಿಡಿದ ತಂಬೂರಿಯ ಮಂದ್ರ ಷಡ್ಜವು ಸುಮಾರು 65 ಕಂಪನದ್ದು. ಗಾಯಕರು ಯಾವ ಶ್ರುತಿಯಲ್ಲಿ ಕುಳಿತಿದ್ದರೋ ನಮ್ಮ ಕೋಣೆಯೂ ಬಹುಮಟ್ಟಿಗೆ ಅದೇ ಶ್ರುತಿಯಲ್ಲಿದ್ದಿತು! ಹೆಜ್ಜೇನಿನ ಗೂಢವು ಹೀಗೆ ಬಯಲಾಯಿತು.

ಮೂಲೆಯ ಗುಟ್ಟೂ ಇದರೊಳಗೇ ಇದೆ. ಈ ಎಲ್ಲ ತೂಗಾಟಗಳಿಗೂ ಮೂಲೆಯೇ ತುದಿ. ಅಲ್ಲಿಟ್ಟ ಪೆಟ್ಟಿಗೆಯು ಒಂದನ್ನೂ ಬಿಡದೆ ಎಲ್ಲವನ್ನೂ ಕೆಣಕುತ್ತದೆ. ಸದ್ದು ಹೆಚ್ಚು ಬರುತ್ತದೆ, ಅದಕ್ಕಾಗಿಯೇ ಮೂಲೆಯನ್ನು ಹೊಗಳುವವರಿದ್ದಾರೆ. ಆದರೆ ಆ ಹೆಚ್ಚಳವು ಎಲ್ಲ ಸ್ವರಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಮರುಸಲ ಬಂದಾಗ ಮಗನು ಅಳತೆಯ ಮೈಕೊಂದನ್ನು ಯಾರಿಂದಲೋ ಎರವಲು ತಂದು, ಕೆಳಗಿನಿಂದ ಮೇಲಕ್ಕೆ ನುಣ್ಣನೆ ಏರುವ ಒಂದು ಸ್ವರವನ್ನು ಬಿಟ್ಟು, ಕಂಪ್ಯೂಟರಿನಲ್ಲಿ ರೇಖೆ ತೆಗೆದನು. ಸಮತಟ್ಟಾಗಿರಬೇಕಾದ ರೇಖೆಯಲ್ಲಿ ಬೆಟ್ಟವೂ ಕಣಿವೆಯೂ ಇದ್ದುವು. 31ರ ಕಣಿವೆಗೂ 63ರ ಬೆಟ್ಟಕ್ಕೂ ಇಪ್ಪತ್ತು ಡೆಸಿಬೆಲ್ಲಿನ ಅಂತರ. ಆಂಪ್ಲಿಫೈಯರಿನೊಳಗೆ ಇದನ್ನು ತಾನಾಗಿಯೇ ತಿದ್ದುವ ಏರ್ಪಾಡಿದೆ. ಅದು ಬೆಟ್ಟವನ್ನು ಕಡಿಯಬಲ್ಲುದು, ಕಣಿವೆಯನ್ನು ತುಂಬಲಾರದು. ಅಲೆಗಳು ಪರಸ್ಪರ ಅಳಿಸಿಕೊಳ್ಳುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಅಳಿಸುವಿಕೆಯೂ ಅಷ್ಟೇ ಬಲಿಯುತ್ತದೆ. ಕುರ್ಚಿಯನ್ನು ಎತ್ತಿ ಬೇರೆ ಕಡೆ ಇಡುವುದೇ ಅದಕ್ಕೆ ಉಪಾಯ.

ನಮ್ಮ ಮನೆಯಲ್ಲಿ ತಾಯಿಯವರ ಕುರ್ಚಿಯನ್ನು ಕದಲಿಸುವುದು ದೇವರ ಪೀಠವನ್ನು ಕದಲಿಸಿದಂತೆ. ಲೆಕ್ಕದಂತೆ ಅದು ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿಯಲ್ಲಿ, ಎಂದರೆ ಉದ್ದದ ಕಾಲುಭಾಗದಲ್ಲಿ ಇರಬೇಕು. ಅಲ್ಲಿ 63ರ ತೂಗಾಟಕ್ಕೆ ಕದಲದ ಜಾಗ, 31ಕ್ಕೆ ಸಾಕಷ್ಟು ಏರಿಳಿತ. ಅಗಲದಲ್ಲಿಯೂ ನಡುವಿನಿಂದ ಎರಡಡಿ ಎಡಕ್ಕೆ ಸರಿದರೆ 47 ಉಳಿಯುತ್ತದೆ. ಇದನ್ನೆಲ್ಲ ತಾಯಿಯವರಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಅವರು ದೇವಸ್ಥಾನಕ್ಕೆ ಹೋಗಿದ್ದಾಗ ಕುರ್ಚಿಯನ್ನು ಸರಿಸಿ, ಅವರ ಬರವನ್ನು ಹೆದರಿಕೊಂಡು ಕಾದೆನು. ಬಂದು ಕುಳಿತು ಅತ್ತಿತ್ತ ನೋಡಿ, "ಇಲ್ಲಿಂದ ಬೀದಿಬಾಗಿಲೂ ಕಾಣುತ್ತೆ, ಅಡಿಗೆಮನೆಯೂ ಕಾಣುತ್ತೆ. ಮೊದಲೇ ಯಾಕೋ ಹೊಳೀಲಿಲ್ಲ ನಿನಗೆ?" ಎಂದರು.

ಇನ್ನು ಪೆಟ್ಟಿಗೆಯ ಎಡೆ. ಇದಕ್ಕೆ ಬಲ್ಲವರು ಹೇಳುವ ಉಪಾಯವೊಂದಿದೆ, ವಿಚಿತ್ರವಾದರೂ ಶಾಸ್ತ್ರಸಮ್ಮತವಾದುದು. ಧ್ವನಿಯ ಮೂಲವನ್ನೂ ಕಿವಿಯನ್ನೂ ಅದಲುಬದಲು ಮಾಡಿದರೆ ನಡುವಿನ ದಾರಿಯು ಬದಲಾಗುವುದಿಲ್ಲ. ಆದಕಾರಣ ಪೆಟ್ಟಿಗೆಯನ್ನು ಕೇಳುವವರ ಕುರ್ಚಿಯ ಮೇಲೆ ಕೂರಿಸಿ, ಕೇಳುವವನು ಗೋಡೆಯ ಬುಡದಲ್ಲಿ ಕಿವಿಯನ್ನು ತಗ್ಗಿಸಿ ತೆವಳುತ್ತ ಹೋಗಬೇಕು. ಎಲ್ಲಿ ಮಂದ್ರ ಸ್ವರಗಳೆಲ್ಲ ಸಮನಾಗಿ ಕೇಳಿಸುತ್ತವೆಯೋ ಅಲ್ಲಿ ಪೆಟ್ಟಿಗೆಯನ್ನಿಡಬೇಕು. ಪಕ್ಕದ ಮನೆಯವರ ತಂದೆಯು ಪರೀಕ್ಷೆಗೆಂದು ಮೈಸೂರಿಗೆ ಹೋಗಿದ್ದ ಒಂದು ಹಗಲು ಇದನ್ನು ಮಾಡಿದೆನು. ಮೊಣಕಾಲಿನ ನೋವಿನವನಿಗೆ ಇದು ಸುಲಭವಲ್ಲ. ನಾನು ನಾಲ್ಕು ಕಾಲಿನ ಮೇಲೆ ಅರ್ಧ ಕೋಣೆಯನ್ನು ಸುತ್ತಿದ್ದಾಗ ಪಕ್ಕದ ಮನೆಯ ಸೊಸೆಯು ಹಾಲಿನ ಚೊಂಬನ್ನು ಹಿಡಿದು ಬಾಗಿಲಿಗೆ ಬಂದು ನಿಂತಳು. ಅಮ್ಮನವರ ಕುರ್ಚಿಯಲ್ಲಿ ಕಪ್ಪು ಪೆಟ್ಟಿಗೆ. ನೆಲದ ಮೇಲೆ ಮೇಷ್ಟರು. "ಏನಾರ ಬಿದ್ದೋಯ್ತಾ ಮೇಷ್ಟ್ರೇ?" ಎಂದು ಅವಳೂ ಬಗ್ಗಿ ಹುಡುಕತೊಡಗಿದಳು. ಇಲ್ಲವೆಂದು ತಿಳಿಹೇಳುವಷ್ಟರಲ್ಲಿ ಸಾಕಾಗಿಹೋಯಿತು.

ತೆವಳಿದ್ದಕ್ಕೆ ಫಲವಿಲ್ಲದೆ ಹೋಗಲಿಲ್ಲ. ಮಂದ್ರವು ಸಮನಾಗಿ ಕೇಳಿಸಿದ ಜಾಗಗಳು ಎರಡು. ಒಂದು, ಬೀದಿಬಾಗಿಲು ತೆರೆದಾಗ ಕದವು ಬಂದು ನಿಲ್ಲುವಲ್ಲಿ. ಅದು ಆಗದ ಮಾತು. ಇನ್ನೊಂದು, ತಾಯಿಯವರ ಕುರ್ಚಿಯ ಎಡಪಕ್ಕದಲ್ಲಿಯೇ ಗೋಡೆಯ ಬುಡ. ಇದು ಹಿಂದಿನ ಗೋಡೆಯಿಂದ ಅದೇ ನಾಲ್ಕೂವರೆ ಅಡಿ. 63ರ ತೂಗಾಟವನ್ನು ಪೆಟ್ಟಿಗೆಯು ಇಲ್ಲಿಂದ ಕೆಣಕುವುದೇ ಇಲ್ಲ. ನೆರೆಯವರ ಗೋಡೆಗೂ ಇದಕ್ಕೂ ಹದಿಮೂರು ಅಡಿಗೆ ಮೀರಿದ ದೂರ. ಎಲ್ಲಕ್ಕಿಂತ ಮುಖ್ಯವಾಗಿ, ಧ್ವನಿಯು ಕೇಳುವವರ ಕೈಗೆಟುಕುವಷ್ಟು ಹತ್ತಿರವಾದುದರಿಂದ ಪೆಟ್ಟಿಗೆಯನ್ನು ಮೊದಲಿಗಿಂತ ಬಹಳ ತಗ್ಗಿಸಿ ನುಡಿಸಬಹುದು.

ತಗ್ಗಿಸಿ ನುಡಿಸುವುದಾದರೆ ಅಷ್ಟು ದೊಡ್ಡ ಪೆಟ್ಟಿಗೆ ಏತಕ್ಕೆ? ಮಗನು ತಂದುದು ಹನ್ನೆರಡು ಅಂಗುಲದ ಪೊರೆಯದು, ಮುಂದುಗಡೆ ಕೊಳವೆಯಿದ್ದುದು. ಕೊಡದ ಕಂಠಕ್ಕೆ ಬಾಯಿಟ್ಟು ಊದಿದರೆ ಒಂದು ಸ್ವರವೇಳುತ್ತದೆಯಲ್ಲವೆ? 1863ರಲ್ಲಿ ಧ್ವನಿಶಾಸ್ತ್ರದ ಮಹಾಗ್ರಂಥವನ್ನು ಬರೆದ ಹೆಲ್ಮ್‌ಹೋಲ್ಟ್ಸನ ಹೆಸರು ಅಂಥ ಅನುರಣಕಕ್ಕಿದೆ. ಕೊಳವೆಯ ಪೆಟ್ಟಿಗೆಯು ಅದೇ ತತ್ವದಿಂದ ತನ್ನ ಕೆಳತುದಿಯ ಸ್ವರಕ್ಕೆ ಬಲ ಪಡೆಯುತ್ತದೆ. 1961ರಲ್ಲಿ ಆಸ್ಟ್ರೇಲಿಯದ ಥೀಲ್ ಎಂಬುವರು ಅದರ ಗಣಿತವನ್ನು ಖಚಿತಗೊಳಿಸಿದರು. ಮುಚ್ಚಿದ ಪೆಟ್ಟಿಗೆಯೆಂಬುದು ಬೇರೆ ಜಾತಿ. 1954ರಲ್ಲಿ ಅಮೆರಿಕದ ವಿಲ್ಚರ್ ಎಂಬುವರು ಒಳಗೆ ಸೆರೆಯಾದ ಗಾಳಿಯನ್ನೇ ಪೊರೆಯ ಸ್ಪ್ರಿಂಗಾಗಿ ಮಾಡಿ ಸಣ್ಣ ಪೆಟ್ಟಿಗೆಯಿಂದ ಮಂದ್ರವನ್ನು ಹೊರಡಿಸಿದರು. ಇದು ಕೆಳಗಿಳಿದಂತೆ ಮೆಲ್ಲಗೆ ಕ್ಷೀಣಿಸುತ್ತದೆ, ಸ್ಥಾಯಿಗೆ 12 ಡೆಸಿಬೆಲ್ಲಿನಂತೆ. ಕೊಳವೆಯದು ತನ್ನ ಸ್ವರದವರೆಗೆ ಗಟ್ಟಿಯಾಗಿದ್ದು ಬಳಿಕ 24ರಂತೆ ಕುಸಿಯುತ್ತದೆ. ಎರಡಕ್ಕೂ ತಪ್ಪದ ಕಟ್ಟುಪಾಡೊಂದಿದೆ. ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಅಷ್ಟೇ ಗಟ್ಟಿಯಾಗಿ ನುಡಿಸಬೇಕಾದರೆ ಪೆಟ್ಟಿಗೆಯು ನಾಲ್ಕರಷ್ಟು ಗಾಳಿಯನ್ನು ಕದಲಿಸಬೇಕು. ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತು, ಈ ಮೂರನ್ನೂ ಒಟ್ಟಿಗೆ ಕೊಡುತ್ತೇವೆನ್ನುವ ಅಂಗಡಿಯವರ ಮಾತನ್ನು ನಂಬಲಾಗದು.

ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದಾಗ ಅವರು ಯುದ್ಧದ ಚಿತ್ರವೊಂದನ್ನು ಹಾಕಿ ಸೋಫಾವನ್ನು ನಡುಗಿಸಿ ತೋರಿಸಿದರು. ನಾನು ಚೀಲದಿಂದ ಮೃದಂಗದ ತನಿಯ ಧ್ವನಿಮುದ್ರಿಕೆಯನ್ನು ತೆಗೆದು, ಇದನ್ನು ಮೆಲ್ಲಗೆ ನುಡಿಸಿರೆಂದು ಕೇಳಿದೆನು. ಮೆಲ್ಲಗೆ ಎಂಬ ಮಾತು ಅವರಿಗೆ ಹೊಸದಾಗಿದ್ದಂತೆ ತೋರಿತು. ಮಂದ್ರವನ್ನು ಮೆಲ್ಲಗೆ ಕೇಳುವುದು ಕಷ್ಟವೆಂಬುದೂ ನಿಜವೇ. 1,000 ಕಂಪನದ ಸ್ವರವು ಕೆಲವೇ ಡೆಸಿಬೆಲ್ಲಿಗೆ ಕಿವಿಗೆ ಬೀಳುತ್ತದೆ, 20 ಕಂಪನದ್ದು ಕೇಳಿಸಬೇಕಾದರೆ ಸುಮಾರು 78 ಡೆಸಿಬೆಲ್ಲಾದರೂ ಇರಬೇಕು. ಆದರೆ ಮೃದಂಗಕ್ಕೆ 20 ಬೇಕಿಲ್ಲ. ನಮಗೆ ಬೇಕಾದುದು ಪೆಟ್ಟು ಮುಗಿದೊಡನೆ ಧ್ವನಿಯೂ ಮುಗಿಯುವ ಪೆಟ್ಟಿಗೆ.

ಮೃದಂಗದ ವಾದಕರು ಕಚೇರಿಗೆ ಮುನ್ನ ಎಡ ಮುಖದ ನಡುವೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುವುದನ್ನು ನೋಡಿರುವವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಚರ್ಮಕ್ಕೆ ಭಾರ ಕೂಡಿದರೆ ಸ್ವರ ಇಳಿಯುತ್ತದೆ. ಭಾರ ಹೆಚ್ಚಾದರೆ ನಾದವು ಮೊಂಡಾಗುತ್ತದೆ. ಮೃದಂಗದ ಬಲ ಮುಖದ ಕಪ್ಪು ಕರಣೆಯು ಚರ್ಮದ ಅಡ್ಡಾದಿಡ್ಡಿ ಸ್ವರಗಳನ್ನು ಷಡ್ಜದ ಗುಣಕಗಳಿಗೆ ಸರಿಹೊಂದಿಸುವ ಚಮತ್ಕಾರವನ್ನು ಸರ್ ಸಿ. ವಿ. ರಾಮನ್ ಅವರು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಬಳಿಕ 1930ರ ದಶಕದಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಅಂಗಡಿಯಲ್ಲಿ ನಾನು ಪರೀಕ್ಷಿಸಿದ ನಾಲ್ಕು ಪೆಟ್ಟಿಗೆಗಳಲ್ಲಿ ಎರಡು ಎಲ್ಲ ಪೆಟ್ಟುಗಳನ್ನೂ ಒಂದೇ ಸ್ವರದಲ್ಲಿ ನುಡಿದುವು. ಅವಕ್ಕೆ ತಮ್ಮದೇ ಒಂದು ಸ್ವರವಿತ್ತು, ಬಂದುದನ್ನೆಲ್ಲ ಅದಕ್ಕೇ ಎಳೆಯುತ್ತಿದ್ದುವು. ಮೂರನೆಯದು ಹತ್ತು ಅಂಗುಲದ ಮುಚ್ಚಿದ ಪೆಟ್ಟಿಗೆ. ಅದರಲ್ಲಿ ಎಡಗೈಯ ಗುಮ್ಕಿಯು ಕೆಳಗಿನಿಂದ ಮೇಲಕ್ಕೆ ಜಾರುವುದು ಕೇಳಿಸಿತು. ನಾಲ್ಕನೆಯದು ಕೊಳವೆಯದಾದರೂ ಅಷ್ಟೇ ಸೊಗಸಾಗಿದ್ದಿತು, ಆದುದರಿಂದ ಜಾತಿಯಿಂದಲೇ ಗುಣವನ್ನು ನಿರ್ಣಯಿಸುವುದು ಇಲ್ಲಿಯೂ ತಪ್ಪು. ಗಾತ್ರವು ಕುರ್ಚಿಯ ಪಕ್ಕಕ್ಕೆ ಹಿಡಿಸದೆಂದು ಅದನ್ನು ಬಿಟ್ಟೆನು. ಹತ್ತು ಅಂಗುಲದ್ದನ್ನು ಕೊಂಡುಕೊಂಡೆನು. ಎರಡು ಕೊಂಡರೆ ಇನ್ನೂ ಮೇಲೆಂದು ಅಂಗಡಿಯವರು ಹೇಳಿದುದು ಸುಳ್ಳಲ್ಲ. ಎದುರುಬದುರಾದ ಗೋಡೆಗಳ ನಡುವೆ ಒಂದೊಂದನ್ನಿಟ್ಟರೆ ಕೋಣೆಯ ಮೊದಲ ತೂಗಾಟವು ತನ್ನಷ್ಟಕ್ಕೆ ಅಳಿಯುತ್ತದೆಂದು ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿಯವರು 2002ರಲ್ಲಿ ತೋರಿಸಿದ್ದಾರೆ. ಹಲವರು ಕೂತು ನೋಡುವ ಮನೆಗೆ ಅದು ಒಳ್ಳೆಯ ದಾರಿ. ನಮ್ಮಲ್ಲಿ ಕೂಡುವವರು ಒಬ್ಬರು. ಎದುರು ಗೋಡೆಯ ಆಚೆಗೆ ಮಲಗುವವರು ಇನ್ನೊಬ್ಬರು.

ಹೊಸ ಪೆಟ್ಟಿಗೆಯನ್ನು ಕುರ್ಚಿಯ ಪಕ್ಕದಲ್ಲಿ ರಬ್ಬರಿನ ಕಾಲುಗಳ ಮೇಲೆ ಇಟ್ಟೆನು. ಇದರ ಧ್ವನಿಯು ಮುಂದಿನ ಸ್ಪೀಕರುಗಳದಕ್ಕಿಂತ ಒಂಬತ್ತು ಅಡಿ ಮೊದಲೇ ಕಿವಿಗೆ ತಲಪುತ್ತದೆ. ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲಿನಷ್ಟು ಅದನ್ನು ತಡೆದು ಬಿಡುವಂತೆ ಆಂಪ್ಲಿಫೈಯರಿಗೆ ದೂರದ ಅಂಕಿಯನ್ನು ಕೊಟ್ಟುದಾಯಿತು. ತಂದೆಯವರ ಚಿತ್ರಪಟದ ಹಿಂದೆ ಬಟ್ಟೆಯ ಚೂರುಗಳನ್ನು ಅಂಟಿಸಿದೆನು. ರಾತ್ರಿ ಎಂಟೂವರೆಯ ಮೇಲೆ ಪೆಟ್ಟಿಗೆಯನ್ನು ಹಚ್ಚುವುದಿಲ್ಲವೆಂದು ಪಕ್ಕದ ಮನೆಗೆ ಹೋಗಿ ಹೇಳಿ, ಮೊದಲ ಸಂಜೆ ಅವರ ತಂದೆಯ ಹಾಸಿಗೆಯ ಅಂಚಿನಲ್ಲಿ ನಾನೇ ಕುಳಿತು, ನಮ್ಮ ಮನೆಯಲ್ಲಿ ಮಗನಿಂದ ಕಚೇರಿಯನ್ನು ಹಾಕಿಸಿದೆನು. ಆ ಹಿರಿಯರು ಗೋಡೆಗೆ ಅಂಗೈಯನ್ನು ಆನಿಸಿ ಬಹಳ ಹೊತ್ತು ಇದ್ದರು. "ಇನ್ನೂ ಹಚ್ಚಿಲ್ವಾ?" ಎಂದು ಕೇಳಿದರು. ಹಚ್ಚಿ ಕಾಲುಗಂಟೆಯಾಗಿದ್ದಿತು.

ಮನೆಗೆ ಬಂದು ನೋಡಿದಾಗ ಟೆಲಿವಿಷನ್ನಿನಲ್ಲಿ ಗಾಯಕರ ಮುಖವಿದ್ದಿತು. ತಾಯಿಯವರು ಕಣ್ಣು ಮುಚ್ಚಿಕೊಂಡಿದ್ದರು, ಕೈ ತೊಡೆಯ ಮೇಲೆ ಆದಿತಾಳವನ್ನು ಹಾಕುತ್ತಿದ್ದಿತು. ಎಡಗೈಯನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಇಟ್ಟುಕೊಂಡಿದ್ದರು. ಹಾಡು ಕೇಳಿಸುತ್ತಿದೆಯೇ ಎಂದು ಕೂಗಿ ಕೇಳಿದುದಕ್ಕೆ, "ಹಾಡು ಇಲ್ಲ, ಮೃದಂಗ ಇದೆ. ಹಾಡು ನನಗೆ ಗೊತ್ತು" ಎಂದರು.

ಎರಡು ವಾರದ ಬಳಿಕ, ಏಳುವಾಗ ಕಾಲಿಗೆ ತಾಗುತ್ತದೆಂದು ಅವರು ಹೇಳಿದುದರಿಂದ ಪೆಟ್ಟಿಗೆಯನ್ನು ಗೋಡೆಯ ಉದ್ದಕ್ಕೆ ಒಂದು ಗೇಣು ಮುಂದಕ್ಕೆ ಸರಿಸಿದೆನು. ರೇಖೆಯಲ್ಲಿ 63ರ ಬೆಟ್ಟವು ತುಸು ತಲೆಯೆತ್ತಿತು. ತಂಬೂರಿಯು ಕೊಂಚ ಗುಂಯ್ಗುಡುತ್ತದೆ. ಮಗನು ಬಂದಾಗಲೆಲ್ಲ ಅದನ್ನು ಹಿಂದಕ್ಕೆ ತಳ್ಳುತ್ತಾನೆ, ಅವನು ಹೋದಮೇಲೆ ನಾನು ಮುಂದಕ್ಕೆ ಎಳೆದಿಡುತ್ತೇನೆ.